ಅಲಾಸ್ಕಾ ಖನಿಜ ಆಯೋಗದ ಅವಧಿ ವಿಸ್ತರಣೆ: ಗವರ್ನರ್ ಕಚೇರಿಗೆ ಕೊಟ್ಟ ಮನವಿ ಮರಳಿದ್ದೇಕೆ?

ಅಮೆರಿಕದ ಅಲಾಸ್ಕಾ ರಾಜ್ಯದ ಖನಿಜ ಆಯೋಗದ ಅವಧಿ ವಿಸ್ತರಿಸುವಂತೆ ಗವರ್ನರ್ ಕಚೇರಿಗೆ ನೀವು ಕೊಟ್ಟ ಮನವಿ ಮರಳಿದ್ದಕ್ಕೆ ಕಾರಣ ಬಹುಶಃ ಇಷ್ಟೇ: ಈ ಸಲಹಾ ಆಯೋಗದ ಮುಕ್ತಾಯದ ದಿನಾಂಕ ಕಾನೂನಿನ ಪಠ್ಯದಲ್ಲೇ ಇರುವುದರಿಂದ, ಅದನ್ನು ಆಡಳಿತಾತ್ಮಕ ಆದೇಶದ ಮೂಲಕ ಮುಂದೂಡಲು ಬರುವುದಿಲ್ಲ, ಶಾಸಕಾಂಗವೇ ತಿದ್ದುಪಡಿ ಮಾಡಬೇಕು.

ಮೊದಲು ಮುಕ್ತಾಯದ ದಿನಾಂಕವಿರುವ ಕಲಮಿನ ಈಗಿನ ರೂಪವನ್ನು ತೆಗೆದು ದಿನಾಂಕವನ್ನು ಖಚಿತಪಡಿಸಿಕೊಳ್ಳಿ. ದಿನಾಂಕ ಹಿಂದೆಯೂ ಬದಲಾಗಿರುವುದರಿಂದ ಹಳೆಯ ಪ್ರತಿಯನ್ನು ನಂಬಬೇಡಿ. ಬಳಿಕ, ಜನವರಿಯಲ್ಲಿ ರಾಜಧಾನಿ ಜೂನೋ ನಗರದಲ್ಲಿ ಅಧಿವೇಶನ ಆರಂಭವಾಗುವ ಮುನ್ನವೇ, ಮಸೂದೆ ಮಂಡಿಸಲು ಒಪ್ಪುವ ಶಾಸಕರೊಬ್ಬರನ್ನು ಕಂಡು ಮಾತನಾಡಿ. ಹಳೆಯ ವರ್ಷವನ್ನು ತೆಗೆದು ಹೊಸದನ್ನು ಸೇರಿಸುವ ಒಂದೇ ವಾಕ್ಯದ ಕರಡು ಸಾಕು. ಸದಸ್ಯರ ಅರ್ಹತೆ, ನೇಮಕದ ಕ್ರಮ ಮುಂತಾದವನ್ನೂ ಇದರಲ್ಲೇ ಸರಿಪಡಿಸುವ ಆಸೆ ಸಹಜವೇ, ಆದರೆ ಚರ್ಚೆ ಅತ್ತ ಹೊರಳಿದರೆ ಮಸೂದೆ ಸಮಿತಿಯಲ್ಲೇ ಕೂರುತ್ತದೆ. ಆಯೋಗದ ಇತ್ತೀಚಿನ ವಾರ್ಷಿಕ ವರದಿಯನ್ನೂ, ಅದರ ಯಾವ ಶಿಫಾರಸುಗಳು ಜಾರಿಗೆ ಬಂದವೆಂಬ ಟಿಪ್ಪಣಿಯನ್ನೂ ಜೊತೆಗಿರಿಸಿ. ಸಮಿತಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅದೇ.

ಹೆಚ್ಚಿನವರು ಎಡವುವುದು ಜಾರಿಯ ದಿನಾಂಕದಲ್ಲಿ. ಅಂಗೀಕಾರಕ್ಕೆ 40 ಸದಸ್ಯರ ಕೆಳಮನೆಯಲ್ಲಿ 21, 20 ಸದಸ್ಯರ ಸೆನೆಟಿನಲ್ಲಿ 11 ಮತಗಳು ಸಾಕಾದರೂ, ರಾಜ್ಯದ ಸಂವಿಧಾನದಂತೆ ಅದು ಜಾರಿಗೆ ಬರುವುದು ಮಸೂದೆ ಕಾನೂನಾದ 90 ದಿನಗಳ ನಂತರ. ಅದಕ್ಕೂ ಮೊದಲೇ ಜಾರಿಯಾಗಬೇಕಾದರೆ ಮೂರನೇ ಎರಡರಷ್ಟು ಬೆಂಬಲ, ಅಂದರೆ ಕ್ರಮವಾಗಿ 27 ಮತ್ತು 14 ಮತಗಳು, ಬೇಕು. ನಿಮ್ಮ ಬಳಿ ಎಷ್ಟು ಸಮಯ ಉಳಿದಿದೆಯೆಂದು ನೀವು ಬರೆದಿಲ್ಲವಾದ್ದರಿಂದ ಬೇಗನೆ ಜಾರಿಯಾಗಿಸುವ ಕಲಮು ಬೇಕೇ ಎಂದು ನಾನು ಹೇಳಲಾರೆ. ಮುಕ್ತಾಯದ ದಿನದಿಂದ ಹಿಂದಕ್ಕೆ 90 ದಿನ ಎಣಿಸಿ, ಅಷ್ಟರೊಳಗೆ ಗವರ್ನರ್ ಸಹಿ ಬೀಳುವುದು ಅನುಮಾನವೆನಿಸಿದರೆ, ಕರಡಿನಲ್ಲೇ ತಕ್ಷಣದ ಜಾರಿಯ ಕಲಮನ್ನು ಸೇರಿಸುವಂತೆ ಶಾಸಕರನ್ನು ಕೇಳಿ.