ಆ ‘ಜನ’ ಯಾರು ಹೇಳಿ

ನಮಸ್ಕಾರ. ನೀವು ಕಳಿಸಿದ ‘ಮೂಢರ ನಡುವೆ ಮಹಾಮಾರಿ’ ಲೇಖನ ಓದಿದೆ. ಕೋವಿಡ್ ಕಾಲದಲ್ಲಿ ಜನ ಯಾಕೆ ಹೇಳಿದ ಮಾತು ಕೇಳಲಿಲ್ಲ ಅಂತ ಬರೆದಿದ್ದೀರಿ. ಕಾಗುಣಿತದ ತಪ್ಪಿಲ್ಲ, ಓದಿಸಿಕೊಂಡು ಹೋಗುತ್ತೆ, ಸಂತೋಷ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು.

“ಅವಿದ್ಯಾವಂತ ಜನ ನಿಯಮಗಳನ್ನು ಗಾಳಿಗೆ ತೂರಿದರು.” ಯಾವ ಜನ? ಯಾವ ನಿಯಮ? ಈ ‘ಗಾಳಿಗೆ ತೂರು’ವುದನ್ನು ನೀವು ಬರೆದಿಲ್ಲ, ಯಾವುದೋ ಪೇಪರಿನಿಂದ ಹಾರಿ ಬಂದು ಕೂತಿದೆ.

ಮುಂದಿನ ಸಾಲು, “ಜ್ವರವಿದ್ದರೂ ಬೇಜವಾಬ್ದಾರಿಯಿಂದ ಮುಚ್ಚಿಟ್ಟರು.” ಮುಚ್ಚಿಟ್ಟರು ಸರಿ, ಯಾಕೆ? ಆಗ ಮನೆ ಮುಂದೆ ಪೋಸ್ಟರ್ ಅಂಟಿಸುತ್ತಿದ್ದರು, ಕೈಗೆ ಸೀಲ್ ಒತ್ತುತ್ತಿದ್ದರು. 2020ರ ಜುಲೈನಲ್ಲಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಗಿಲಿಗೇ ತಗಡು ಹೊಡೆದು, ಗಲಾಟೆ ಆದ ಮೇಲೆ ಬಿಚ್ಚಿದರು. ಅದನ್ನು ಟಿವಿಯಲ್ಲಿ ನೋಡಿದವನು ಕೆಮ್ಮು ಬಂದರೆ ಟೆಸ್ಟಿಗೆ ಹೋಗುತ್ತಾನಾ, ಕಷಾಯ ಕುಡಿದು ಸುಮ್ನೆ ಮಲಗುತ್ತಾನಾ?

ಮೂರನೇ ಪುಟದಲ್ಲಿ ಮಾತ್ರ ನೀವು ಕಣ್ಣಾರೆ ಕಂಡದ್ದು ಒಂದಿದೆ: “ಸೊಪ್ಪು ಮಾರುವ ಹೆಂಗಸು ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡು ಕೂಗಿದಳು.” ಆಹಾ ಅಂದುಕೊಂಡೆ. ತಕ್ಷಣ “ಅಜ್ಞಾನಕ್ಕೆ ಮದ್ದಿಲ್ಲ” ಅಂತ ಸೇರಿಸಿ ಕೆಡಿಸಿಬಿಟ್ಟಿರಿ. ಬಾಯಿ ಮುಚ್ಚಿಕೊಂಡು “ದಂಟು, ಮೆಂತ್ಯ, ಸಬ್ಬಸಿಗೇ” ಅಂದರೆ ಮೂರನೇ ಮಹಡಿಗೆ ಕೇಳುತ್ತಾ? ಮಾಸ್ಕ್ ದಂಡವನ್ನು ನಗರಗಳಲ್ಲಿ 1,000 ರೂಪಾಯಿಗೆ ಏರಿಸಿ, ಕೂಗಾಟ ಎದ್ದ ಮೇಲೆ ಆ ಅಕ್ಟೋಬರಿನಲ್ಲಿ 250ಕ್ಕೆ ಇಳಿಸಿದರಲ್ಲ, 250 ಅಂದರೆ ಆಕೆಗೆ ಎಷ್ಟು ಕಟ್ಟು ಸೊಪ್ಪು? ಕೇಳಿದಿರಾ?

ನಾನೂ ಇದೇ ತಪ್ಪು ಮಾಡಿದವನು. 1994ರ ಸೆಪ್ಟೆಂಬರ್, ಸೂರತ್‌ನಲ್ಲಿ ಪ್ಲೇಗ್. ಜನ ಸಿಕ್ಕ ರೈಲು ಹತ್ತಿ ಊರು ಬಿಡುತ್ತಿದ್ದರು, ಟೆಟ್ರಾಸೈಕ್ಲಿನ್ ಮಾತ್ರೆಗೆ ಮುಗಿಬಿದ್ದಿದ್ದರು. ನಾನು ಪತ್ರಿಕೆಯ ಸುದ್ದಿ ಡೆಸ್ಕಿಗೆ ಸೇರಿ ಮೂರು ತಿಂಗಳಾಗಿತ್ತು ಅಷ್ಟೇ. ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ಮಾಡುವಾಗ “ವದಂತಿಗೆ ಕಿವಿಗೊಟ್ಟ ಮೂಢ ಜನ” ಅಂತ ನನ್ನದೂ ಒಂದು ಒಗ್ಗರಣೆ ಹಾಕಿದ್ದೆ. ಚೀಫ್ ಸಬ್ ಎಡಿಟರ್ ಕೆಂಪು ಪೆನ್ನಿನಲ್ಲಿ ‘ಮೂಢ’ಕ್ಕೆ ಸುತ್ತು ಹಾಕಿ, ತಲೆ ಎತ್ತದೆ ಕೇಳಿದರು: “ಓಡಿದವರಲ್ಲಿ ಡಾಕ್ಟರುಗಳೂ ಇದ್ದಾರಂತಲ್ಲಯ್ಯಾ, ಅವರನ್ನೂ ಸೇರಿಸಿದೀಯಾ?” ಆ ಕಾಪಿ ಇನ್ನೂ ನನ್ನ ಹತ್ತಿರ ಇದೆ.

ಮೊದಲ ಎರಡು ಪುಟ ಬಿಸಾಕಿ, ಮೂರನೆಯದರಿಂದ ಶುರು ಮಾಡಿ ಕಳಿಸಿ. ಆಕೆಯನ್ನು ಒಮ್ಮೆ ಮಾತಾಡಿಸಿ. ಮತ್ತೆ, ಆ ‘ಹೆಂಗಸು’ ಬೇಡ. ಬೆಳಗ್ಗೆ ಬಾಗಿಲಿಗೆ ಬಂದಾಗ ‘ಸೊಪ್ಪಿನಮ್ಮ’ ಅಂತ ಕರೆಯುತ್ತೀರಿ ಅಲ್ವಾ, ಹಾಗೇ ಬರೆಯಿರಿ.