ಸಂಪಾದಕರ ಉತ್ತರ: ಕಿವಿಮಾತು ಕೇಳಬೇಡಿ

ನ್ಯೂಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಎರಡು ವರ್ಷದ ಹಿಂದೆ ಪ್ರೈವೇಟ್ ಪೈಲಟ್ ಲೈಸೆನ್ಸ್ ಪಡೆದೆ. ಭಾನುವಾರ ಸಣ್ಣ ವಿಮಾನ ಹಾರಿಸುತ್ತೇನೆ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೇನೂ ಕಾಣದಿದ್ದರೂ ಮೀಟರ್ ನೋಡಿಕೊಂಡೇ ಹಾರಿಸುವ ಅರ್ಹತೆ) ಮಾಡಿಕೊಳ್ಳುವವರೆಗೆ ಪಕ್ಕದಲ್ಲಿ ಕೂರುವುದಿಲ್ಲ ಅಂತ ನನ್ನ ಹೆಂಡತಿ ಹಟ ಹಿಡಿದಿದ್ದಾಳೆ. ನಾನು ಹಾರುವುದೇ ಹವೆ ಚೆನ್ನಾಗಿದ್ದ ದಿನ. ಸುಮ್ನೆ ಯಾಕೆ ಖರ್ಚು? ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಅವರ ಹೆಲಿಕಾಪ್ಟರ್ ಪೈಲಟ್‌ಗೂ ಆ ರೇಟಿಂಗ್ ಇತ್ತಲ್ವಾ?"

ಇತ್ತು, ನಿಜ. 2020ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿ ಆ ಹೆಲಿಕಾಪ್ಟರ್ ಗುಡ್ಡಕ್ಕೆ ಬಡಿದು ಒಂಬತ್ತು ಮಂದಿ ಸತ್ತರು. ಅದನ್ನು ಓಡಿಸುತ್ತಿದ್ದ ಕಂಪನಿಗೆ ಮೋಡದೊಳಗೆ ಹಾರಿಸುವ ಅನುಮತಿಯೇ ಇರಲಿಲ್ಲ. ಖರ್ಚಿನ ಮಾತೂ ಸರಿ, 40 ಗಂಟೆಯ ಕಲಿಕೆ ಅಗ್ಗದ್ದಲ್ಲ. ನಿಮ್ಮ ಪರವಾಗಿ ಹೇಳುವುದು ಇಷ್ಟೇ. ಇನ್ನು ನಾನು ನಿಮ್ಮ ಮನೆಯವರ ಪಕ್ಷ.

1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ತಾವೇ ವಿಮಾನ ಹಾರಿಸಿಕೊಂಡು ಹೊರಟದ್ದು ನಿಮ್ಮದೇ ರಾಜ್ಯದ ಫೇರ್‌ಫೀಲ್ಡ್‌ನಿಂದ. ಜೊತೆಗೆ ಹೆಂಡತಿ, ಹೆಂಡತಿಯ ಅಕ್ಕ. ಸುಮಾರು 310 ಗಂಟೆ ಹಾರಿಸಿದ ಅನುಭವವಿತ್ತು. ರೇಟಿಂಗ್ ಪಾಠ ಅರ್ಧಕ್ಕೆ ಬಂದಿತ್ತು. ಗುಡುಗಿಲ್ಲ, ಮಳೆಯಿಲ್ಲ. ಕಣ್ಣಳತೆಯಲ್ಲಿ ಹಾರಲು ಕಾನೂನಿನ ಅಡ್ಡಿಯೂ ಇರಲಿಲ್ಲ. ಬರೀ ಮಬ್ಬು. ಕಡಲ ಮೇಲೆ ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಕತ್ತಲು. ಮಾರ್ಥಾಸ್ ವಿನ್‌ಯಾರ್ಡ್ ದ್ವೀಪ ಇನ್ನೇನು ಬಂತು ಅನ್ನುವಾಗ ವಿಮಾನ ಸುತ್ತುತ್ತಾ ಇಳಿದು ನೀರಿಗೆ ಬಿತ್ತು. ಅದರಲ್ಲಿ ಆಟೋಪೈಲಟ್ ಕೂಡ ಇತ್ತು.

ಇದು ಹೇಗಾಗುತ್ತದೆ ಅಂತ ತಿಳಿಯಲು ನಮ್ಮ ಕಚೇರಿಯ ತಿರುಗುವ ಕುರ್ಚಿಯಲ್ಲಿ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ. ಕರಡು ತಿದ್ದುವ ಹುಡುಗ ಒಂದೇ ಸಮನೆ ಮೆಲ್ಲಗೆ ಬಲಕ್ಕೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ "ಯಾಕೋ ನಿಲ್ಲಿಸಿಬಿಟ್ಟೆ?" ಅಂದೆ. ಅವನು ತಿರುಗಿಸುತ್ತಲೇ ಇದ್ದ! ನಿಜವಾಗಿ ನಿಲ್ಲಿಸಿದಾಗ ನಾನು ಎಡಕ್ಕೆ ಗಿರ್ರನೆ ಸುತ್ತುತ್ತಿದ್ದೇನೆ ಅನ್ನಿಸಿ ಮೇಜು ಹಿಡಿಯಲು ಕೈ ಚಾಚಿದೆ. ಸಿಕ್ಕಿದ್ದು ಕಾಫಿ ಲೋಟ.

ಒಳಗಿವಿಯಲ್ಲಿ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಲು ಶುರುವಾದಾಗ ಅದರೊಳಗಿನ ದ್ರವ ಹಿಂದೆ ಉಳಿಯುತ್ತದೆ, ಮೆದುಳಿಗೆ ಸುದ್ದಿ ಹೋಗುತ್ತದೆ. ತಿರುಗುವಿಕೆ ಒಂದೇ ಸಮ ಆದರೆ ದ್ರವವೂ ಜೊತೆಗೂಡುತ್ತದೆ, ಸುದ್ದಿ ನಿಂತುಹೋಗುತ್ತದೆ. ಮೋಡದೊಳಗೆ ವಿಮಾನ ಮೆಲ್ಲಗೆ ವಾಲಿದರೂ ನೆಟ್ಟಗೆ ಹೋಗುತ್ತಿದ್ದೇನೆ ಅಂತಲೇ ಅನ್ನಿಸುತ್ತದೆ. ಎತ್ತರ ಕಳೆದುಕೊಂಡದ್ದು ಕಂಡು ಪೈಲಟ್ ವಿಮಾನದ ಮೂತಿಯನ್ನು ಮೇಲಕ್ಕೆ ಎಳೆಯುತ್ತಾನೆ. ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ. ಮುಂದಿರುವ ಗುಂಡು ಮೀಟರ್ "ವಾಲಿದ್ದೀಯ" ಅನ್ನುತ್ತಿರುತ್ತದೆ, ಮೈ ಒಪ್ಪುವುದಿಲ್ಲ. ಮೈಯನ್ನು ಒಪ್ಪಿಸುವುದಕ್ಕೇ ಆ 40 ಗಂಟೆ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಈ ತರಬೇತಿ ಇಲ್ಲದ 20 ಮಂದಿಯನ್ನು ವಿಮಾನದಲ್ಲಿ ಕೂರಿಸಿ ಹೊರಗಿನದೇನೂ ಕಾಣದಂತೆ ಮಾಡಿದರು. ಪಕ್ಕದಲ್ಲಿ ಗುರು ಇದ್ದರು ಅನ್ನಿ. 20ಕ್ಕೆ 20 ಮಂದಿಯೂ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡು, ಮೂರು ನಿಮಿಷವೂ ಇಲ್ಲ. ಜನ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಮಂದಿಗೆ ಕೆಲವೇ ಗಂಟೆ ಪಾಠ ಹೇಳಿಕೊಟ್ಟ ಮೇಲೆ ಹೆಚ್ಚುಕಡಿಮೆ ಎಲ್ಲರೂ ಮೀಟರ್ ನೋಡಿಕೊಂಡು ಬಂದ ದಾರಿಗೆ ತಿರುಗಿಸಿದರು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಇಷ್ಟಕ್ಕೂ ನನಗೆ ರೇಟಿಂಗ್‌ಗಿಂತ ಜಾಸ್ತಿ ಇಷ್ಟವಾಗುವುದು ಅದರ ಹಿಂದಿನ ನಿಯಮ. ನಿಮ್ಮ ಅಮೆರಿಕದಲ್ಲಿ ಮೋಡದೊಳಗೆ ಹಾರಲು ರೇಟಿಂಗ್ ಇದ್ದರೆ ಸಾಲದು. ಹಿಂದಿನ ಆರು ತಿಂಗಳಲ್ಲಿ ಮೀಟರ್ ನಂಬಿ ಆರು ಸಲ ರನ್‌ವೇಗೆ ಇಳಿದು ಬರುವ ಅಭ್ಯಾಸ ಮಾಡಿರಬೇಕು. ನಮ್ಮಲ್ಲಿ? ನಾನು ಕಾರಿನ ಲೈಸೆನ್ಸ್ ಪಡೆದದ್ದು ನಲವತ್ತು ಅಡಿ ಮುಂದೆ, ನಲವತ್ತು ಅಡಿ ಹಿಂದೆ ಓಡಿಸಿ. ಆಮೇಲೆ ಯಾರೂ ಕೇಳಿಲ್ಲ. ನಮಗೆ ಸರ್ಟಿಫಿಕೇಟ್ ಅಂದರೆ ಹಾಲ್‌ನಲ್ಲಿ ಫ್ರೇಮ್ ಹಾಕಿಸುವ ವಸ್ತು. ಒಮ್ಮೆ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಸ್ವಲ್ಪ ನಿಲ್ಲಿಸಪ್ಪಾ ಅಂದರೆ ಬಾಡಿಗೆ ಕಾರಿನ ಡ್ರೈವರ್ "ಕಣ್ಣು ಮುಚ್ಚಿದ್ರೂ ಗೊತ್ತು ಸಾರ್ ಈ ರೋಡು" ಅಂದ. ಐದು ನಿಮಿಷದಲ್ಲಿ ಮುಂದಿನ ಚಕ್ರ ಚರಂಡಿಯಲ್ಲಿತ್ತು. ಪುಣ್ಯಕ್ಕೆ ಗುಡ್ಡದ ಬದಿಯ ಚರಂಡಿ.

ಇನ್ನೂ ಅನುಮಾನವಿದ್ದರೆ ಊರಿಗೆ ಬಂದಾಗ ನಮ್ಮ ಕಚೇರಿಗೆ ಬನ್ನಿ. ಕುರ್ಚಿ ಇದೆ, ಟವೆಲ್ಲೂ ಇದೆ. ತಿರುಗಿಸುವುದಕ್ಕೆ ನಿಮ್ಮ ಮನೆಯವರನ್ನೇ ಕರೆದುಕೊಂಡು ಬನ್ನಿ.