ಕರೆದರೆ ಓಗೊಡದ ಫೋನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ನನ್ನ ತಾಯಿಯವರಿಗೆ ಕಣ್ಣು ಮಂಜಾಗಿದ್ದು, ಫೋನಿನ ಪರದೆಯ ಮೇಲಿನ ಅಕ್ಷರಗಳು ಕಾಣಿಸುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಗೆ ಕರೆ ಮಾಡುವುದು, ಗಂಟೆ ಎಷ್ಟಾಯಿತೆಂದು ಕೇಳುವುದು, ಮಾತ್ರೆಯ ಹೊತ್ತಿಗೆ ಅಲಾರಂ ಇಡುವುದು ಎಲ್ಲವನ್ನೂ ಅವರು ತಮ್ಮ ಆಂಡ್ರಾಯ್ಡ್ ಫೋನಿಗೆ ಬಾಯಲ್ಲಿ ಹೇಳಿಯೇ ಮಾಡಿಸಿಕೊಳ್ಳುತ್ತಿದ್ದರು. ಮಳೆ ಹಿಡಿದ ಮೇಲೆ ಎಷ್ಟು ಕರೆದರೂ ಫೋನು ಓಗೊಡುತ್ತಿಲ್ಲ. ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ, ಮರುದಿನ ಮತ್ತೆ ಸುಮ್ಮನಾಗುತ್ತದೆ. ಪೇಟೆಯ ರಿಪೇರಿ ಅಂಗಡಿಯವರು ಫೋನನ್ನು ಪೂರ್ತಿ ರೀಸೆಟ್ ಮಾಡಬೇಕೆನ್ನುತ್ತಾರೆ. ಮಾಡಿಸಬಹುದೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ದಯವಿಟ್ಟು ಈಗ ಮಾಡಿಸಬೇಡಿ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಬೇರೆಡೆ ಉಳಿಸಿಡದ ಫೋಟೊಗಳೂ ವಾಟ್ಸ್‌ಆಪ್ ಸಂದೇಶಗಳೂ ಹೋಗುತ್ತವೆ, ಹಣ ಪಾವತಿಯ ಆಪ್‌ಗಳನ್ನು ಮತ್ತೆ ಮೊದಲಿನಿಂದ ನೋಂದಾಯಿಸಬೇಕಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಫೋನಿನಲ್ಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡನ್ನು ರೀಸೆಟ್ ಆದ ಮೇಲೆ ಫೋನೇ ಕೇಳುವ ಸಂದರ್ಭಗಳಿವೆ. ಹಿರಿಯರ ಫೋನಿನಲ್ಲಿ ಆ ಖಾತೆಯನ್ನು ಯಾರೋ ನೆಂಟರ ಹುಡುಗರು ತೆರೆದುಕೊಟ್ಟಿದ್ದು, ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ನೆನಪಿಲ್ಲದಿದ್ದರೆ ಇಡೀ ಫೋನೇ ಬಳಕೆಗೆ ಬಾರದಂತಾಗಬಹುದು. ತಾವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಅಷ್ಟು ದೂರ ಹೋಗುವ ಅಗತ್ಯವೇ ಕಾಣುವುದಿಲ್ಲ.

ಬಾಯಲ್ಲಿ ಹೇಳಿದ್ದನ್ನು ಕೇಳಿ ಕೆಲಸ ಮಾಡಿಕೊಡುವ ಧ್ವನಿ ಸಹಾಯಕ (ಗೂಗಲ್ ಅಸಿಸ್ಟೆಂಟ್) ಉತ್ತರ ಕೊಡುವುದು ಒಂದೇ ಹೆಜ್ಜೆಯಲ್ಲಿ ಅಲ್ಲ. 'ಹೇ ಗೂಗಲ್' ಎಂಬ ಕರೆಯನ್ನು ಗುರುತಿಸುವ ಕೆಲಸ ಫೋನಿನೊಳಗೇ, ಸದಾ ಎಚ್ಚರವಾಗಿರುವ ಒಂದು ಸಣ್ಣ ವ್ಯವಸ್ಥೆಯಿಂದ ನಡೆಯುತ್ತದೆ. ಆಮೇಲೆ ಹೇಳಿದ ಮಾತನ್ನು ಮೈಕ್ ಹಿಡಿದುಕೊಳ್ಳಬೇಕು, ಬಹುಪಾಲು ಪ್ರಶ್ನೆಗಳಿಗೆ ಅದು ಇಂಟರ್ನೆಟ್ ಮೂಲಕ ದೂರದ ಸರ್ವರ್ ತಲುಪಬೇಕು, ಅಲ್ಲಿಂದ ಉತ್ತರ ಮರಳಿ ಬಂದು ಸ್ಪೀಕರಿನಲ್ಲಿ ಕೇಳಿಸಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ತಾಯಿಯವರ ಪಾಲಿಗೆ ಫೋನು ಮೂಕವಾಯಿತೆಂದೇ ಅರ್ಥ. ಆದ್ದರಿಂದ ರಿಪೇರಿಗೆ ಮೊದಲು, ಕಣ್ಣು ಕಾಣುವವರೊಬ್ಬರು ಪಕ್ಕದಲ್ಲಿ ಕುಳಿತು, ಅವರು ಕರೆದಾಗ ಪರದೆಯ ಮೇಲೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ನನ್ನ ಮೊದಲ ಅನುಮಾನ ಬ್ಯಾಟರಿ ಸೇವರ್ ಮೇಲೆ. ಮಲೆನಾಡಿನಲ್ಲಿ ಜೋರು ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬಂದೀತೆಂದು ಹೇಳುವಂತಿಲ್ಲ. ಚಾರ್ಜ್ ಉಳಿಯಲಿ ಎಂದು ಮನೆಯವರೇ ಬ್ಯಾಟರಿ ಸೇವರ್ ಹಾಕುತ್ತಾರೆ, ಇಲ್ಲವೇ ಚಾರ್ಜ್ ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ಫೋನು ತಾನೇ ಹಾಕಿಕೊಳ್ಳುತ್ತದೆ. ಆಗ ಮೊದಲು ನಿಲ್ಲುವ ಕೆಲಸಗಳಲ್ಲಿ ಈ ಸದಾ ಕಿವಿಗೊಡುವ ಕೆಲಸವೂ ಒಂದು. ಕರೆಂಟು ಬಂದು ಫೋನು ಚಾರ್ಜ್ ಆದ ಮೇಲೆ ಹಲವು ಫೋನುಗಳಲ್ಲಿ ಸೇವರ್ ತಾನಾಗಿ ಆಫ್ ಆಗುತ್ತದೆ, ಸಹಾಯಕ ಮತ್ತೆ ಓಗೊಡತೊಡಗುತ್ತದೆ. ತಾವು ಹೇಳಿರುವ 'ತಾನಾಗಿಯೇ ಸರಿಹೋಗಿ ಮತ್ತೆ ಸುಮ್ಮನಾಗುವ' ರೀತಿಗೆ ಇದಕ್ಕಿಂತ ಹೊಂದುವ ಕಾರಣ ನನಗೆ ತೋಚುವುದಿಲ್ಲ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಸೇವರ್ ತಾನಾಗಿ ಆನ್ ಆಗುವ ಆಯ್ಕೆಯನ್ನು ತೆಗೆದುಹಾಕಿ. ಗೂಗಲ್ ಆಪ್‌ಗೆ ಬ್ಯಾಟರಿ ಬಳಕೆಯ ನಿರ್ಬಂಧವಿದ್ದರೆ ಅದನ್ನೂ ಸಡಿಲಿಸಿ. ಚಾರ್ಜ್ ಬೇಗ ಇಳಿಯುತ್ತದೆ, ನಿಜ. ಅದಕ್ಕೆ ತಾಯಿಯವರ ಹಾಸಿಗೆಯ ಪಕ್ಕದಲ್ಲಿ ಒಂದು ಪವರ್ ಬ್ಯಾಂಕ್ ಇಟ್ಟರೆ ಸಾಕು.

ಸೇವರ್ ಆಫ್ ಇದ್ದಾಗಲೂ ಓಗೊಡದಿದ್ದರೆ, ಬಾಯಲ್ಲಿ ಕರೆಯದೆ ಬೆರಳಿನಿಂದ ಸಹಾಯಕವನ್ನು ತೆರೆದು ನೋಡಿ. ಕೆಲವು ಫೋನುಗಳಲ್ಲಿ ಪವರ್ ಗುಂಡಿಯನ್ನು, ಕೆಲವುಗಳಲ್ಲಿ ಕೆಳಗಿನ ಹೋಮ್ ಗುಂಡಿಯನ್ನು ಒತ್ತಿ ಹಿಡಿದರೆ ಅದು ತೆರೆದುಕೊಳ್ಳುತ್ತದೆ. ಹಾಗೂ ತೆರೆಯದಿದ್ದರೆ ಸೆಟ್ಟಿಂಗ್ಸ್‌ನ ಆಪ್ಸ್ ವಿಭಾಗದಲ್ಲಿ ಡಿಫಾಲ್ಟ್ ಆಪ್‌ಗಳ ಪಟ್ಟಿಗೆ ಹೋಗಿ, ಡಿಜಿಟಲ್ ಅಸಿಸ್ಟೆಂಟ್ ಎಂಬಲ್ಲಿ 'ಯಾವುದೂ ಇಲ್ಲ' ಎಂದೋ ಬೇರೆ ಆಪ್‌ನ ಹೆಸರೋ ಬಂದಿದೆಯೇ ಎಂದು ನೋಡಿ, ಗೂಗಲ್ ಅನ್ನು ಆರಿಸಿ. ಬೆರಳಿಗೆ ತೆರೆದು ದನಿಗೆ ಮಾತ್ರ ತೆರೆಯದಿದ್ದರೆ 'ವಾಯ್ಸ್ ಮ್ಯಾಚ್' ಎಂಬ ಸೆಟ್ಟಿಂಗಿನಲ್ಲಿ ತಾಯಿಯವರ ದನಿಯನ್ನು ಹೊಸದಾಗಿ ದಾಖಲಿಸಿ. ಹೆಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ಈ ಕೆಲಸ ಬೇಡ. ಮಳೆ ಹೊಳವಾದ ಹೊತ್ತಿನಲ್ಲಿ, ಒಳಕೋಣೆಯಲ್ಲಿ, ಅವರು ದಿನವೂ ಮಾತನಾಡುವ ದನಿಯಲ್ಲೇ ಹೇಳಿಸಿ.

ತೆರೆದುಕೊಂಡರೂ ಮಾತು ಕೇಳಿಸಿಕೊಳ್ಳದಿದ್ದರೆ ಮೈಕ್ ಕಡೆ ತಿರುಗಬೇಕು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದೀಚೆಗೆ, ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಸಿಗುವ ಗುಂಡಿಗಳಲ್ಲಿ ಎಲ್ಲ ಆಪ್‌ಗಳಿಗೂ ಒಮ್ಮೆಗೇ ಮೈಕ್ ಮುಚ್ಚುವ ಗುಂಡಿಯನ್ನೂ ಸೇರಿಸಲಾಗಿದೆ. ಕೈ ತಾಗಿ ಅದು ಆಫ್ ಆಗಿದ್ದರೆ 'ಮೈಕ್ ಮುಚ್ಚಿದೆ, ತೆರೆಯಲೇ?' ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ, ಆದರೆ ತಾಯಿಯವರಿಗೆ ಅದು ಕಾಣಿಸುವಂತಿಲ್ಲ. ಗೂಗಲ್ ಆಪ್‌ಗೆ ಮೈಕ್ ಬಳಸುವ ಅನುಮತಿ ಇದೆಯೇ ಎಂಬುದನ್ನೂ ಆಪ್‌ನ ಸೆಟ್ಟಿಂಗಿನಲ್ಲಿ ನೋಡಿ.

ಇವೆಲ್ಲ ಸರಿಯಿದ್ದರೆ ರೆಕಾರ್ಡರ್ ಆಪ್‌ನಲ್ಲಿ ನಾಲ್ಕು ಮಾತು ದಾಖಲಿಸಿ, ಒಂದು ಸಣ್ಣ ವಿಡಿಯೊ ಕೂಡ ತೆಗೆದು ಎರಡನ್ನೂ ಕೇಳಿಸಿಕೊಳ್ಳಿ. ಈಗಿನ ಹೆಚ್ಚಿನ ಫೋನುಗಳಲ್ಲಿ ಒಂದಕ್ಕಿಂತ ಹೆಚ್ಚು ಮೈಕ್ ಇರುವುದರಿಂದ ಕರೆಯಲ್ಲಿ ದನಿ ಚೆನ್ನಾಗಿ ಕೇಳಿದರೂ ಇನ್ನೊಂದು ಮೈಕ್ ಕಟ್ಟಿಕೊಂಡಿರಬಹುದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ ಫೋನನ್ನು ತೋಟಕ್ಕೆ ಒಯ್ದಿದ್ದರೆ ಸುಣ್ಣ, ಮೈಲುತುತ್ತದ ಹನಿ ಒಣಗಿ ಮೈಕಿನ ಸೂಜಿಗಣ್ಣಿನಂಥ ತೂತನ್ನು ಮುಚ್ಚಿರುವ ಸಾಧ್ಯತೆಯೂ ಇದೆ. ಫೋನಿನ ಕವರ್ ತೆಗೆದು, ಒಣಗಿದ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ. ಪಿನ್ನು, ಸೂಜಿ ಚುಚ್ಚಬೇಡಿ, ಒಳಗಿನ ಜಾಲರಿ ಹರಿದರೆ ಮೈಕನ್ನೇ ಬದಲಿಸಬೇಕಾದೀತು. ನೀರು ಹೊಕ್ಕಿದ್ದರೆ ಫೋನು ಆಫ್ ಮಾಡಿ ಗಾಳಿಯಾಡುವ ಕಡೆ ಇಡಿ. ಬಚ್ಚಲೊಲೆಯ ಹತ್ತಿರ ಇಟ್ಟರೆ ಬಿಸಿಗೆ ಬ್ಯಾಟರಿ ಕೆಡುತ್ತದೆ, ಅಕ್ಕಿಯ ಡಬ್ಬಿಯಲ್ಲಿ ಹುಗಿದರೆ ಅಕ್ಕಿಯ ಹುಡಿ ಅದೇ ತೂತುಗಳಲ್ಲಿ ಸೇರುತ್ತದೆ.

ಇನ್ನು ನೆಟ್‌ವರ್ಕ್. ಹೇಳಿದ ಮಾತು ಪರದೆಯ ಮೇಲೆ ಅಕ್ಷರವಾಗಿ ಮೂಡಿಯೂ ಉತ್ತರ ಬಾರದಿದ್ದರೆ, ಅಥವಾ ಸಹಾಯಕ ತೆರೆದು ಸುಮ್ಮನೆ ಸುತ್ತುತ್ತಿದ್ದರೆ, ತೊಂದರೆ ಹೆಚ್ಚಾಗಿ ಇಂಟರ್ನೆಟ್‌ನದು. ಕರೆ ಹೋಗುತ್ತದೆ ಎಂದ ಮಾತ್ರಕ್ಕೆ ಡೇಟಾ ಬರುತ್ತಿದೆ ಎಂದಲ್ಲ. ಕರೆಂಟು ಬಹಳ ಹೊತ್ತು ಹೋದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಮನೆಯ ವೈಫೈ ಇನ್ವರ್ಟರಿನಲ್ಲಿ ಉರಿಯುತ್ತಿದ್ದು ಹೊರಗಿನ ಕೇಬಲ್ ತುಂಡಾಗಿದ್ದರೆ, ಫೋನು ಆ ಖಾಲಿ ವೈಫೈಯನ್ನೇ ಹಿಡಿದುಕೊಂಡಿರುವುದೂ ಉಂಟು. ವೈಫೈ ಆಫ್ ಮಾಡಿ ನೋಡಿ.

ಇಷ್ಟಾದರೂ ಸರಿಹೋಗದಿದ್ದರೆ ಗೂಗಲ್ ಆಪ್ ಅಪ್‌ಡೇಟ್ ಮಾಡಿ, ಅದರ ಕ್ಯಾಶೆ (ಆಪ್ ತಾತ್ಕಾಲಿಕವಾಗಿ ಉಳಿಸಿಟ್ಟುಕೊಂಡ ಮಾಹಿತಿ) ಅಳಿಸಿ, ಫೋನನ್ನು ರೀಸ್ಟಾರ್ಟ್ ಮಾಡಿ. ಇದರಿಂದ ಫೋಟೊಗಳಿಗೆ ಏನೂ ಆಗುವುದಿಲ್ಲ.

ತಾಯಿಯವರ ಸಲುವಾಗಿ ಒಂದು ಮಾತು ಸೇರಿಸಬೇಕು. ಕಣ್ಣು ಕಾಣದವರ ಕೈಯಲ್ಲಿರುವ ಫೋನು ಕೇವಲ ಇಂಟರ್ನೆಟ್ಟನ್ನು ನಂಬಿ ಇರಬಾರದು. ಮುಖಪರದೆಯಲ್ಲಿ ಬೇರೆಲ್ಲವನ್ನೂ ತೆಗೆದು, ತಮ್ಮ ಮತ್ತು ತಂಗಿಯವರ ನಂಬರುಗಳಿಗೆ ಒಂದೇ ಒತ್ತಿಗೆ ಕರೆ ಹೋಗುವ ಡೈರೆಕ್ಟ್ ಡಯಲ್ ಚಿತ್ರಗಳನ್ನು ಎರಡು ಮೂಲೆಗಳಲ್ಲಿ ಇಟ್ಟುಕೊಡಿ. ಮೂಲೆಯನ್ನು ಬೆರಳು ತಡವಿಯೇ ಗುರುತಿಸಬಲ್ಲದು. ತುರ್ತು ಸಹಾಯದ 112ನ್ನು ಕೀಲಿಗಳಲ್ಲಿ ಒತ್ತುವುದನ್ನೂ ಅವರಿಗೆ ರೂಢಿ ಮಾಡಿಸಿ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ನಮ್ಮ ಅತ್ತೆಯವರ ಫೋನಿನಲ್ಲಿ ಹಳೆಯ ಸಹಾಯಕದ ಬದಲು 'ಜೆಮಿನಿ' ಬರುತ್ತದೆ. ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ. ಫೋನು ಕೆಟ್ಟಿದೆಯೇ?
— ಶಿವಮೊಗ್ಗದ ಓದುಗರು

ಉತ್ತರ: ಕೆಟ್ಟಿಲ್ಲ. ಫೋನುಗಳಲ್ಲಿ ಗೂಗಲ್ ಅಸಿಸ್ಟೆಂಟಿನ ಜಾಗಕ್ಕೆ ಜೆಮಿನಿಯನ್ನು ತರುವುದಾಗಿ ಗೂಗಲ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದೆ. ಜೆಮಿನಿ ಆಪ್ ಭಾರತಕ್ಕೆ 2024ರ ಜೂನ್‌ನಲ್ಲಿ ಬಂದಾಗಲೇ ಅದರ ಒಂಬತ್ತು ಭಾರತೀಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಆದ್ದರಿಂದ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವನ್ನು ಆರಿಸಿಕೊಡಿ. ಹಳೆಯ ರೂಪವೇ ಬೇಕೆಂದರೆ ಜೆಮಿನಿಯ ಸೆಟ್ಟಿಂಗಿನಲ್ಲಿ ಅಸಿಸ್ಟೆಂಟಿಗೆ ಮರಳುವ ಆಯ್ಕೆ ತಮ್ಮ ಫೋನಿನಲ್ಲಿ ಕಾಣಿಸುತ್ತದೆಯೇ ನೋಡಿ. ಆದರೆ ಆ ದಾರಿ ಮುಂದೆ ಮುಚ್ಚುವಂಥದ್ದಾದ್ದರಿಂದ, ಅತ್ತೆಯವರಿಗೆ ಹೊಸದನ್ನೇ ನಿಧಾನವಾಗಿ ರೂಢಿ ಮಾಡಿಸುವುದು ಮೇಲೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಸಂಜೆ ಹೊತ್ತು ಮಾತ್ರ ಸಹಾಯಕ ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಸರಿಯಿರುತ್ತದೆ. ಏನು ಕಾರಣ?
— ಸಾಗರದ ಓದುಗರು

ಉತ್ತರ: ಸಂಜೆ ಮನೆಯಲ್ಲಿ ಬ್ಲೂಟೂತ್ ಇಯರ್‌ಫೋನೋ ಸ್ಪೀಕರೋ ಆನ್ ಆಗುತ್ತದೆಯೇ ಎಂದು ನೋಡಿ. ಅದು ಜೋಡಿಯಾದಾಗ ಫೋನು ತನ್ನ ಮೈಕಿನ ಬದಲು ಅದರ ಮೈಕಿಗೆ ಕಿವಿಗೊಡಬಹುದು, ಉತ್ತರವನ್ನೂ ಅಲ್ಲಿಯೇ ನುಡಿಯಬಹುದು. ಆ ಉಪಕರಣ ಬೇರೆ ಕೋಣೆಯಲ್ಲಿದ್ದರೆ ತಮಗೆ ಏನೂ ಕೇಳಿಸದು. ಒಂದು ಸಂಜೆ ಬ್ಲೂಟೂತ್ ಆಫ್ ಮಾಡಿ ಕರೆದು ನೋಡಿ. ಆಗಲೂ ಓಗೊಡದಿದ್ದರೆ ಮೇಲಿನ ತೀರ್ಥಹಳ್ಳಿಯವರ ಉತ್ತರದಲ್ಲಿ ಬ್ಯಾಟರಿ ಸೇವರ್ ಕುರಿತು ಹೇಳಿದ್ದನ್ನು ಪರೀಕ್ಷಿಸಿ, ಏಕೆಂದರೆ ದಿನವೆಲ್ಲ ಬಳಸಿದ ಫೋನಿನಲ್ಲಿ ಸಂಜೆಯ ಹೊತ್ತಿಗೇ ಚಾರ್ಜ್ ಇಳಿದಿರುತ್ತದೆ.